ಸಂಶೋಧಕನ ಅಂಕಪಟ್ಟಿ ಮತ್ತು ನಂಜನಗೂಡಿನ ಒಲೆ

ಪ್ರತಿವರ್ಷ ಸೆಪ್ಟೆಂಬರ್ ಆಸುಪಾಸಿನಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಂದ ಪತ್ರಿಕಾ ಕಚೇರಿಗಳಿಗೆ ಒಂದೇ ಅಚ್ಚಿನ ಪ್ರಕಟಣೆಗಳು ಬರತೊಡಗುತ್ತವೆ. ತಮ್ಮ ಸಂಸ್ಥೆಯ ಇಷ್ಟು ಮಂದಿ ಪ್ರಾಧ್ಯಾಪಕರು ವಿಶ್ವದ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಸಾಲಿಗೆ ಸೇರಿದ್ದಾರೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಅವರನ್ನು ಗುರುತಿಸಿದೆ ಎಂಬುದು ಅವುಗಳ ಸಾರಾಂಶ. ಕುಲಪತಿಗಳ ಅಭಿನಂದನೆ, ಶಾಲು ಹೊದಿಸಿದ ಚಿತ್ರ ಜೊತೆಗಿರುತ್ತವೆ. ಆ ಪ್ರಾಧ್ಯಾಪಕರು ಏನನ್ನು ಕಂಡುಹಿಡಿದರು, ಅದರಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು ಎಂಬ ಒಂದು ವಾಕ್ಯವಾದರೂ ಆ ಪ್ರಕಟಣೆಯಲ್ಲಿ ಇರುವುದು ಅಪರೂಪ. ಕ್ರಿಕೆಟ್ ಆಟಗಾರನ ಸರಾಸರಿಯನ್ನು ಹೇಳಿ, ಅವನು ಬ್ಯಾಟುಗಾರನೋ ಬೌಲರೋ ಎಂಬುದನ್ನು ಬಿಟ್ಟಂತೆ.

ಈ ಪಟ್ಟಿಯ ಹುಟ್ಟನ್ನು ತಿಳಿದರೆ ಅದರ ಮೇಲಿನ ಅತಿಭಕ್ತಿ ಸ್ವಲ್ಪ ಕಡಿಮೆಯಾದೀತು. ಸ್ಟ್ಯಾನ್‌ಫರ್ಡ್‌ನ ವೈದ್ಯ ವಿಜ್ಞಾನಿ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ 'ಪ್ಲಾಸ್ ಬಯಾಲಜಿ' ನಿಯತಕಾಲಿಕದಲ್ಲಿ ಪ್ರಕಟಿಸಿದ ದತ್ತಾಂಶ ಸಂಗ್ರಹ ಅದರ ಮೂಲ. ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯ ಸ್ಕೋಪಸ್ ಕೋಶದಿಂದ ಉಲ್ಲೇಖಗಳ ಲೆಕ್ಕ ತೆಗೆದು, ಆರು ಮಾನದಂಡಗಳನ್ನು ಕೂಡಿಸಿ ಒಂದು ಅಂಕ ಕೊಡಲಾಗುತ್ತದೆ. ಇಡೀ ವೃತ್ತಿಜೀವನಕ್ಕೆ ಒಂದು ಪಟ್ಟಿ, ಒಂದು ವರ್ಷಕ್ಕೆ ಇನ್ನೊಂದು. ಅದು ವಿಶ್ವವಿದ್ಯಾಲಯವೊಂದು ಪ್ರದಾನ ಮಾಡುವ ಪ್ರಶಸ್ತಿಯಲ್ಲ. ಉಲ್ಲೇಖಗಳ ದುರ್ಬಳಕೆಯ ಬಗ್ಗೆಯೇ ಬಹುಕಾಲದಿಂದ ಎಚ್ಚರಿಸುತ್ತ ಬಂದ ಸಂಶೋಧಕರು ಸಿದ್ಧಪಡಿಸಿದ ಲೆಕ್ಕದ ಪುಸ್ತಕ. ಸಂಶೋಧಕ ತನ್ನನ್ನು ತಾನೇ ಎಷ್ಟು ಬಾರಿ ಉಲ್ಲೇಖಿಸಿಕೊಂಡಿದ್ದಾನೆ ಎಂಬುದನ್ನೂ ಅದು ಬೇರೆಯಾಗಿ ತೋರಿಸುತ್ತದೆ. ನಮ್ಮ ಅಭಿನಂದನಾ ಪತ್ರಗಳಲ್ಲಿ ಆ ಅಂಕಣ ಮಾತ್ರ ಕಾಣುವುದಿಲ್ಲ.

ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸುವುದಕ್ಕಿಂತ ನಮ್ಮದೇ ನೆಲದ ಒಂದು ಉದಾಹರಣೆಯ ಮೂಲಕ ನೋಡುವುದು ಒಳಿತು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಶ್ವಾಸಕೋಶ ತಜ್ಞ ಡಾ. ಪಿ.ಎ. ಮಹೇಶ್ ಅವರ ಹೆಸರು ಅಂತರರಾಷ್ಟ್ರೀಯ ವೈದ್ಯಕೀಯ ನಿಯತಕಾಲಿಕಗಳನ್ನು ಓದುವವರಿಗೆ ಅಪರಿಚಿತವಲ್ಲ. ಅವರು ಮತ್ತು ಸಹೋದ್ಯೋಗಿಗಳು ಎರಡು ದಶಕಗಳಿಂದ ನಡೆಸಿದ ಅಧ್ಯಯನಗಳ ಮುಖ್ಯ ಕ್ಷೇತ್ರ ಯಾವುದೋ ಪ್ರಯೋಗಾಲಯವಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳು, ವಿಶೇಷವಾಗಿ ನಂಜನಗೂಡು ಮತ್ತು ಮೈಸೂರು ತಾಲ್ಲೂಕುಗಳು. ಕಪಿಲೆಯ ದಂಡೆಯ ಸುತ್ತೂರು ಇರುವುದು ನಂಜನಗೂಡು ತಾಲ್ಲೂಕಿನಲ್ಲಿ. ಆ ಮಠದ ವಿದ್ಯಾಪೀಠವೇ 1984ರಲ್ಲಿ ಈ ಕಾಲೇಜನ್ನು ಸ್ಥಾಪಿಸಿತು. ಅಲ್ಲಿಂದ ಕೆಳಗೆ ಕಪಿಲೆ ಕಾವೇರಿಯನ್ನು ಕೂಡುವುದು ತಿರುಮಕೂಡಲಿನಲ್ಲಿ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ನಾಲೆಯ ಬಯಲಿನ ಭತ್ತ, ಕಬ್ಬು. ಎರಡೂ ಕಡೆ ಅಡುಗೆಮನೆಯಲ್ಲಿ ಬಹುಕಾಲ ಉರಿದದ್ದು ಸೌದೆ, ತೆಂಗಿನ ಗರಿ, ಮಟ್ಟೆ, ಬೆರಣಿ.

ಆ ಹೊಗೆಯೇ ಸಂಶೋಧನೆಯ ವಸ್ತುವಾಯಿತು. ಬೀಡಿ, ಸಿಗರೇಟು ಮುಟ್ಟದ ಹೆಂಗಸರಿಗೆ ಸದಾ ಕೆಮ್ಮು, ಕಫ, ಏದುಸಿರು ಏಕೆ ಎಂಬುದು ಹಳೆಯ ಪ್ರಶ್ನೆ. ವರ್ಷದಲ್ಲಿ ಕನಿಷ್ಠ ಮೂರು ತಿಂಗಳು, ಸತತ ಎರಡು ವರ್ಷ, ಹೆಚ್ಚಿನ ದಿನಗಳಲ್ಲಿ ಕಫಸಹಿತ ಕೆಮ್ಮು ಇದ್ದರೆ ವೈದ್ಯರು ಅದನ್ನು ದೀರ್ಘಕಾಲೀನ ಬ್ರಾಂಕೈಟಿಸ್ ಎನ್ನುತ್ತಾರೆ. ಹಳ್ಳಿಯಲ್ಲಿ ಅದಕ್ಕೆ ಬೇರೆ ಹೆಸರೇ ಬೇಕಿಲ್ಲ. 'ಅಮ್ಮನಿಗೆ ಮೊದಲಿನಿಂದಲೂ ಕೆಮ್ಮು' ಎಂದು ಹೇಳಿ ಮುಗಿಸಿಬಿಡುತ್ತಾರೆ. ಒಲೆಯ ಹೊಗೆಗೂ ಈ ಕೆಮ್ಮಿಗೂ ನಂಟಿದೆ ಎಂದು ಚಂಡೀಗಢದ ವೈದ್ಯರು 1990ರ ದಶಕದ ಆರಂಭದಲ್ಲಿ, ಮೆಕ್ಸಿಕೊದ ಸಂಶೋಧಕರು 1996ರಲ್ಲಿ ತೋರಿಸಿದ್ದರು. ಆದರೆ ಎಷ್ಟು ಹೊಗೆ ಕುಡಿದರೆ ಅಪಾಯ ಶುರು? ಸಿಗರೇಟಿಗಾದರೆ ದಿನಕ್ಕೆ ಎಷ್ಟು ಪ್ಯಾಕು, ಎಷ್ಟು ವರ್ಷ ಎಂದು ಗುಣಿಸುವ ಪದ್ಧತಿ ಇದೆ. ಒಲೆಗೆ?

ಮಹೇಶ್ ಮತ್ತು ಸಂಗಡಿಗರು 2013ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್'ನಲ್ಲಿ ಪ್ರಕಟಿಸಿದ, ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಕುರಿತ ಲೇಖನ ಈ ಪ್ರಶ್ನೆಗೆ ಒಂದು ಸಂಖ್ಯೆಯನ್ನು ಕೊಟ್ಟಿತು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಹಾಗೆ ಎಷ್ಟು ವರ್ಷ ಎಂಬೆರಡನ್ನು ಗುಣಿಸಿದರೆ ಬರುವುದೇ ಹೊಗೆಯ ಸೂಚ್ಯಂಕ. ಅದು 60ಕ್ಕೆ ಮುಟ್ಟಿದ ಮೇಲೆ ದೀರ್ಘಕಾಲೀನ ಬ್ರಾಂಕೈಟಿಸ್‌ನ ಅಪಾಯ ಗಣನೀಯವಾಗಿ ಏರುತ್ತದೆ ಎಂಬುದು, ವಯಸ್ಸು ಮೊದಲಾದ ಇತರ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ನಂತರವೂ ಉಳಿದ ತೀರ್ಮಾನ.

60 ಎಂದರೆ ಎಷ್ಟು? ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ದಿನಕ್ಕೆ ಐದು ಗಂಟೆಯಾದರೆ ಹನ್ನೆರಡೇ ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದು ಬೆಳಗಿನ ರೊಟ್ಟಿ, ಮಧ್ಯಾಹ್ನದ ಮುದ್ದೆ, ರಾತ್ರಿಯ ಅನ್ನ ಸಾರು ಎಂದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಸೊಸೆ ಮೂವತ್ತು ತುಂಬುವ ಹೊತ್ತಿಗೆ ಆ ಗಡಿಯನ್ನು ತಲುಪಿರುತ್ತಾಳೆ. ಮಕ್ಕಳಿನ್ನೂ ಹೈಸ್ಕೂಲಿಗೆ ಬಂದಿರುವುದಿಲ್ಲ. ಈ ಸಂಖ್ಯೆಯ ಮಹತ್ವ ಇರುವುದು ಇಲ್ಲಿ. ಅದನ್ನು ಕಂಡುಕೊಳ್ಳಲು ಯಂತ್ರ ಬೇಡ, ರಕ್ತ ಪರೀಕ್ಷೆ ಬೇಡ. ಎರಡು ಪ್ರಶ್ನೆ, ಒಂದು ಗುಣಾಕಾರ. ಬೆಂಗಳೂರಿನ ಆಸ್ಪತ್ರೆಯ ತಜ್ಞನೂ ಹೆಡಿಯಾಲದ ಆಶಾ ಕಾರ್ಯಕರ್ತೆಯೂ ಒಂದೇ ಉತ್ತರ ಪಡೆಯಬಹುದು.

ಸೂಚ್ಯಂಕದ ಮಿತಿಗಳೂ ಇವೆ. ಗಾಳಿಗಂಡಿ ಇರುವ ಅಡುಗೆಮನೆಯ ಒಂದು ಗಂಟೆಯನ್ನೂ, ಕಿಟಕಿಯಿಲ್ಲದ ನಡುಮನೆಯ ಒಂದು ಗಂಟೆಯನ್ನೂ ಅದು ಸಮನಾಗಿ ಎಣಿಸುತ್ತದೆ. ಒಣ ಸೌದೆಗೂ ಹಸಿ ಕಡ್ಡಿಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಬಚ್ಚಲ ಹಂಡೆಗೆ ಬೆಳಗ್ಗೆ ಹಾಕುವ ಉರಿ ಅಡುಗೆಯ ಲೆಕ್ಕಕ್ಕೆ ಬರುವುದಿಲ್ಲ. ಗ್ಯಾಸ್ ಬಂದ ಮನೆಗಳಲ್ಲೂ ನೀರೊಲೆ ಆರಿಲ್ಲ ಎಂಬುದನ್ನು ಹಳೆ ಮೈಸೂರಿನ ಹಳ್ಳಿಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಒರಟು ಅಳತೆ, ನಿಜ. ಆದರೆ ಏನನ್ನು ಅಳೆಯುತ್ತಿದ್ದೇವೆ ಎಂಬ ಅರಿವು ಅದಕ್ಕಿದೆ.

ಇನ್ನು ಈ ಸಂಶೋಧಕನನ್ನು ಅಳೆಯುವ ಸೂಚ್ಯಂಕದತ್ತ ಬರೋಣ. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ವಿಜ್ಞಾನ ಲೇಖನಗಳ ಉಲ್ಲೇಖ ಸೂಚಿಯ ಕಲ್ಪನೆಯನ್ನು ಮುಂದಿಟ್ಟಾಗ, 1964ರಲ್ಲಿ ಅದನ್ನು ಕಾರ್ಯರೂಪಕ್ಕೆ ತಂದಾಗ, ಅದರ ಉದ್ದೇಶ ಗ್ರಂಥಾಲಯದ್ದು. ಒಂದು ವಿಚಾರ ಯಾವ ಲೇಖನದಿಂದ ಯಾವ ಲೇಖನಕ್ಕೆ ಹರಿಯಿತು ಎಂದು ಓದುಗನಿಗೆ ದಾರಿ ತೋರುವುದು. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಎಚ್-ಸೂಚ್ಯಂಕವನ್ನು ಸೂಚಿಸಿದರು. ಒಬ್ಬರ ಲೇಖನಗಳಲ್ಲಿ ಇಪ್ಪತ್ತು ಲೇಖನಗಳಾದರೂ ತಲಾ ಇಪ್ಪತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ 20. ಅಷ್ಟೇ ಸರಳ. ಸರಳವಾದ ಕಾರಣಕ್ಕೇ ಆಡಳಿತಗಾರರಿಗೆ ಅಚ್ಚುಮೆಚ್ಚು. ಲೇಖನವನ್ನು ಓದದೆಯೇ ಲೇಖಕನ ಬಗ್ಗೆ ತೀರ್ಪು ಕೊಡುವ ಸೌಕರ್ಯ ಅದರಿಂದ ಒದಗಿತು.

ಡಾ. ಮಹೇಶ್ ಅವರ ಸೂಚ್ಯಂಕ ಎಷ್ಟು ಎಂದು ಇಲ್ಲಿ ಅಚ್ಚು ಹಾಕುವುದರಲ್ಲಿ ಅರ್ಥವಿಲ್ಲ. ಗೂಗಲ್ ಸ್ಕಾಲರ್ ಒಂದು ಅಂಕಿ ಹೇಳುತ್ತದೆ, ಸ್ಕೋಪಸ್ ಇನ್ನೊಂದು, ವೆಬ್ ಆಫ್ ಸೈನ್ಸ್ ಮತ್ತೊಂದು. ಮುಂದಿನ ತಿಂಗಳಿಗೆ ಮೂರೂ ಬದಲಾಗಿರುತ್ತವೆ. ಹೆಚ್ಚು ಪ್ರಯೋಜನಕರವಾದದ್ದು ಆ ಅಂಕಿಯ ಒಳಗೆ ಏನೇನು ಸೇರಿರುತ್ತದೆ ಎಂದು ಬಿಡಿಸಿ ನೋಡುವುದು.

ಅವರ ಹೆಸರು ಕಾಣುವ ಕೃತಿಗಳಲ್ಲಿ ಮೂರು ಪದರಗಳಿವೆ. ಮೊದಲನೆಯದು ಮೇಲೆ ಹೇಳಿದಂಥ ಸ್ಥಳೀಯ ಅಧ್ಯಯನಗಳು. 2006ರಲ್ಲಿ ಆರಂಭವಾಗಿ ಮುಂದೆ 'ಮುದ್ರಾ' ಎಂಬ ಹೆಸರು ಪಡೆದ, ಗ್ರಾಮೀಣ ವಯಸ್ಕರ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೂ ಇದೇ ಬಗೆಯದು. ಮನೆಮನೆಗೆ ಹೋಗಿ, ಪ್ರಶ್ನಾವಳಿ ತುಂಬಿಸಿ, ಜನರಿಂದ ಯಂತ್ರಕ್ಕೆ ಉಸಿರು ಊದಿಸಿ, ಕೆಲವು ವರ್ಷಗಳ ನಂತರ ಮತ್ತೆ ಅದೇ ಮನೆಗಳ ಬಾಗಿಲು ತಟ್ಟುವ ಕೆಲಸ. ಒಂದು ಲೇಖನಕ್ಕೆ ಹಲವು ವರ್ಷ ಹಿಡಿಯುತ್ತದೆ. ಎರಡನೆಯ ಪದರ ಬಹುಕೇಂದ್ರ ಅಧ್ಯಯನಗಳದು. ದೇಶದ ಅಸ್ತಮಾ ಮತ್ತು ಬ್ರಾಂಕೈಟಿಸ್ ಪ್ರಮಾಣವನ್ನು ಅಂದಾಜಿಸಿ 2012ರಲ್ಲಿ ಪ್ರಕಟವಾದ 'ಇನ್‌ಸರ್ಚ್' ಸಮೀಕ್ಷೆಯಲ್ಲಿ ಮೈಸೂರು ಒಂದು ಕೇಂದ್ರವಾಗಿತ್ತು. ಶ್ವಾಸನಾಳದ ಅಡಚಣೆಯ ಜಾಗತಿಕ ಅಧ್ಯಯನವಾದ 'ಬೋಲ್ಡ್', ಮಕ್ಕಳ ಅಸ್ತಮಾ ಕುರಿತ ಗ್ಲೋಬಲ್ ಅಸ್ತಮಾ ನೆಟ್‌ವರ್ಕ್‌ಗಳಲ್ಲೂ ಮೈಸೂರಿನ ಕೇಂದ್ರವಿದೆ. ಮೂರನೆಯದು 'ಗ್ಲೋಬಲ್ ಬರ್ಡನ್ ಆಫ್ ಡಿಸೀಸ್', ಅಂದರೆ ಜಗತ್ತಿನ ಎಲ್ಲ ರೋಗಗಳ ಹೊರೆಯನ್ನು ಅಂದಾಜಿಸುವ ಬೃಹತ್ ಯೋಜನೆ. 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಗುವ ಅದರ ಲೇಖನಗಳಿಗೆ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿದ ಸಹಲೇಖಕರು. ಮೈಸೂರಿನ ಈ ತಜ್ಞರ ಹೆಸರೂ ಆ ಬಳಗದಲ್ಲಿದೆ.

ಉಲ್ಲೇಖಗಳ ಲೆಕ್ಕದಲ್ಲಿ ಈ ಮೂರೂ ಪದರಗಳು ತಲೆಕೆಳಗಾಗುತ್ತವೆ. ಜಾಗತಿಕ ರೋಗ ಹೊರೆಯ ಒಂದು ಲೇಖನಕ್ಕೆ ವರ್ಷದೊಳಗೆ ಸಾವಿರಾರು ಉಲ್ಲೇಖಗಳು ದಕ್ಕುತ್ತವೆ. ಯಾವ ದೇಶದ ಯಾವ ರೋಗದ ಬಗ್ಗೆ ಬರೆಯುವವನೂ ಪೀಠಿಕೆಯ ಮೊದಲ ವಾಕ್ಯಕ್ಕೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾನೆ. ಹಳ್ಳಿಯ ಬಾಗಿಲುಗಳನ್ನು ತಟ್ಟಿ ಬರೆದ ಲೇಖನಕ್ಕೆ ದಶಕ ಕಳೆದರೂ ಅದರ ಸಣ್ಣ ಪಾಲು. ಇದರಲ್ಲಿ ಅಕ್ರಮವೇನೂ ಇಲ್ಲ. ದೊಡ್ಡ ಯೋಜನೆಗಳಿಗೆ ಸ್ಥಳೀಯ ತಜ್ಞರ ಪರಿಶೀಲನೆ ಬೇಕು, ಅವರ ಹೆಸರು ಅಲ್ಲಿರುವುದು ನ್ಯಾಯವೇ. 1990ರಲ್ಲಿ ದೇಶದಲ್ಲಿ 2.81 ಕೋಟಿ ಇದ್ದ ಸಿಒಪಿಡಿ ರೋಗಿಗಳ ಸಂಖ್ಯೆ 2016ಕ್ಕೆ 5.53 ಕೋಟಿಗೆ ಏರಿದೆ, ಜಗತ್ತಿನ ಜನಸಂಖ್ಯೆಯಲ್ಲಿ ಶೇ 18ರಷ್ಟಿರುವ ಭಾರತ ದೀರ್ಘಕಾಲೀನ ಉಸಿರಾಟದ ಕಾಯಿಲೆಗಳ ಹೊರೆಯಲ್ಲಿ ಶೇ 32ರಷ್ಟನ್ನು ಹೊತ್ತಿದೆ, ಸಿಒಪಿಡಿ ಹೊರೆಯಲ್ಲಿ ತಂಬಾಕಿನ ಪಾಲು ಶೇ 25.4 ಆದರೆ ವಾಯುಮಾಲಿನ್ಯದ್ದು ಶೇ 53.7 ಎಂಬ 2018ರ ಅಂದಾಜುಗಳು ಬಂದಿದ್ದು ಇಂಥ ಪ್ರಯತ್ನದಿಂದಲೇ. ಆದರೆ ಆ ಅಂದಾಜಿನ ಯಂತ್ರಕ್ಕೆ ಮೇವು ಹಾಕುವುದು ನಂಜನಗೂಡಿನಂಥ ತಾಲ್ಲೂಕುಗಳಿಂದ ಬಂದ ಮೂಲ ದತ್ತಾಂಶ. ಅಡಿಪಾಯಕ್ಕೆ ಒಂದು ಅಂಕ, ಕಳಶಕ್ಕೆ ನೂರು ಅಂಕ ಕೊಡುವ ಲೆಕ್ಕಪದ್ಧತಿಯಲ್ಲಿ ನಾಳೆ ಅಡಿಪಾಯ ಹಾಕಲು ಯಾವ ಯುವ ವೈದ್ಯ ಮುಂದೆ ಬರುತ್ತಾನೆ?

ಉಲ್ಲೇಖದ ಎಣಿಕೆ ಇನ್ನೂ ಒಂದು ವಿಷಯವನ್ನು ಮುಚ್ಚಿಡುತ್ತದೆ. ಉಲ್ಲೇಖ ಎಂದರೆ ಒಪ್ಪಿಗೆಯಲ್ಲ. ಇದೇ ಹೊಗೆಯ ವಿಷಯವನ್ನು ತೆಗೆದುಕೊಳ್ಳಿ. 'ಬೋಲ್ಡ್' ಜಾಲದ ಸಂಶೋಧಕರು 2018ರಲ್ಲಿ ಹಲವು ದೇಶಗಳ ದತ್ತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ಸೌದೆಯಂಥ ಘನ ಇಂಧನದ ಬಳಕೆಗೂ ಯಂತ್ರದಲ್ಲಿ ಅಳೆದ ಶ್ವಾಸನಾಳದ ಅಡಚಣೆಗೂ ಸ್ಪಷ್ಟ ಸಂಬಂಧ ಕಾಣಲಿಲ್ಲ. ಇದು ಅನೇಕರಿಗೆ ಆಶ್ಚರ್ಯ ತಂದಿತು. ಗರ್ಭಿಣಿಯರಿಗೆ ಗ್ಯಾಸ್ ಒಲೆ ಕೊಟ್ಟು ನೋಡಿದ, ತಮಿಳುನಾಡೂ ಸೇರಿದಂತೆ ನಾಲ್ಕು ದೇಶಗಳ ಪ್ರದೇಶಗಳಲ್ಲಿ ನಡೆದ 'ಹೇಪಿನ್' ಪ್ರಯೋಗದಲ್ಲೂ ಶಿಶುವಿನ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2022ರಲ್ಲಿ ವರದಿಯಾಯಿತು. ಹಾಗಾದರೆ ಮೈಸೂರಿನ 60ರ ಗಡಿ ಸುಳ್ಳೇ? ಅಲ್ಲ. ಮೈಸೂರಿನ ಲೇಖನ ಹೇಳಿದ್ದು ಕೆಮ್ಮು, ಕಫದ ಬಗ್ಗೆ. ಇನ್ನೊಂದು ಹೇಳಿದ್ದು ಊದಿದ ಗಾಳಿಯ ಹರಿವಿನ ಬಗ್ಗೆ. ಮೂರನೆಯದು ಶಿಶುವಿನ ತೂಕದ ಬಗ್ಗೆ. ಒಂದು ಅಂಗದ ಮೇಲೆ ಆದದ್ದು ಇನ್ನೊಂದರಲ್ಲಿ ಕಾಣಲೇಬೇಕೆಂದಿಲ್ಲ. ಇಂಥ ಭಿನ್ನಮತವನ್ನು ಬಿಡಿಸಿ ಓದುವುದೇ ವಿಜ್ಞಾನದ ಮುಖ್ಯ ಕೆಲಸ. ಉಲ್ಲೇಖದ ಎಣಿಕೆಯಲ್ಲಾದರೋ ಸಮರ್ಥಿಸಿದವನೂ ಖಂಡಿಸಿದವನೂ ತಲಾ ಒಂದೊಂದು ಅಂಕ ಕೊಟ್ಟು ಹೋಗಿರುತ್ತಾರೆ.

ಈ ಅಂಕಗಳ ಹಿಂದೆ ಬೀಳುವಂತೆ ಮಾಡಿದ್ದು ಯಾರು? ಸಂಶೋಧಕರನ್ನಷ್ಟೇ ದೂರಿದರೆ ಅನ್ಯಾಯವಾದೀತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2010ರಲ್ಲಿ ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಅಂಕಪದ್ಧತಿಯನ್ನು ಜಾರಿಗೆ ತಂದಿತು. ಲೇಖನಕ್ಕಿಷ್ಟು, ಪುಸ್ತಕಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು. ದರಪಟ್ಟಿ ಬಂದ ಮೇಲೆ ಅಂಗಡಿಗಳು ತೆರೆಯದೇ ಇರುತ್ತವೆಯೇ? ಹಣ ಪಡೆದು ಯಾವ ಪರಿಶೀಲನೆಯೂ ಇಲ್ಲದೆ ಏನನ್ನಾದರೂ ಪ್ರಕಟಿಸುವ ನಿಯತಕಾಲಿಕಗಳು ನಾಯಿಕೊಡೆಗಳಂತೆ ಎದ್ದವು. ಆಯೋಗ ತಾನೇ ಅನುಮೋದಿಸಿದ್ದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ನಿಯತಕಾಲಿಕಗಳನ್ನು ಕಿತ್ತುಹಾಕಬೇಕಾಯಿತು. ಬಳಿಕ 'ಕೇರ್' ಎಂಬ ಹೊಸ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟಿರುವುದಾಗಿ ಪ್ರಕಟಣೆ ಹೊರಟಿತು. ಪಿಎಚ್‌.ಡಿ ಪಡೆಯಲು ಲೇಖನ ಪ್ರಕಟಣೆ ಕಡ್ಡಾಯ ಎಂಬ ಷರತ್ತು 2022ರ ನಿಯಮಗಳಲ್ಲಿ ಹೋಯಿತು. ಮೊದಲು ಹಸಿವು ಹುಟ್ಟಿಸಿ, ಆಮೇಲೆ ಊಟದ ಎಲೆ ಎಣಿಸಿ, ಕೊನೆಗೆ ಎಲೆಯನ್ನೇ ತೆಗೆದಂತಾಯಿತು.

ವೈದ್ಯಕೀಯ ಕಾಲೇಜುಗಳ ಕಥೆ ಇನ್ನೂ ವಿಚಿತ್ರ. ದಿನಕ್ಕೆ ನೂರಾರು ಹೊರರೋಗಿಗಳನ್ನು ನೋಡುವ, ರಾತ್ರಿಪಾಳಿ ಮಾಡುವ, ಪಾಠ ಹೇಳುವ ವೈದ್ಯನಿಗೂ ಬಡ್ತಿ ಬೇಕೆಂದರೆ ಲೇಖನಗಳು ಬೇಕು ಎಂದು ಆಗಿನ ಭಾರತೀಯ ವೈದ್ಯಕೀಯ ಮಂಡಳಿ ವಿಧಿಸಿತು. 2015ರ ಸುತ್ತೋಲೆ ಕೇವಲ ವಿದ್ಯುನ್ಮಾನ ರೂಪದಲ್ಲಿ ಬರುವ ನಿಯತಕಾಲಿಕಗಳನ್ನು ಲೆಕ್ಕಕ್ಕೇ ಇಲ್ಲ ಎಂದಿತು. ಜಗತ್ತಿನ ಒಳ್ಳೆಯ ನಿಯತಕಾಲಿಕಗಳಲ್ಲಿ ಹಲವು ಆ ವೇಳೆಗಾಗಲೇ ಕಾಗದವನ್ನು ಬಿಟ್ಟಿದ್ದವು. ಲೇಖಕರ ಸಾಲಿನಲ್ಲಿ ಎಷ್ಟನೆಯ ಹೆಸರಿನವರೆಗೆ ಅಂಕ ಎಂಬ ನಿಯಮವೂ ಮತ್ತೆ ಮತ್ತೆ ಬದಲಾಯಿತು. 2020ರಲ್ಲಿ ಮಂಡಳಿಯ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದರೂ ಪ್ರಕಟಣೆಯ ಷರತ್ತು ಉಳಿದಿದೆ. ಇದರ ಜೊತೆಗೆ 2016ರಿಂದ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕ. ಅದರಲ್ಲೂ ಪ್ರಕಟಣೆ, ಉಲ್ಲೇಖಗಳಿಗೆ ದೊಡ್ಡ ತೂಕ. ಆಡಳಿತ ಮಂಡಳಿಗಳು ಅಂಕಿಗಳನ್ನು ಕೇಳುವುದರಲ್ಲಿ ಅಚ್ಚರಿಯೇನಿದೆ?

ಈ ವಾತಾವರಣದಲ್ಲೂ ಒಬ್ಬ ಶ್ವಾಸಕೋಶ ತಜ್ಞ ಹಳ್ಳಿಗಳಿಗೆ ಹೋಗಿ, ಪ್ರಕಟಣೆಗೆ ಹಣ ಕೀಳುವ ಅಂಗಡಿಗಳ ಬದಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯತಕಾಲಿಕವನ್ನು ಆರಿಸಿಕೊಂಡಿದ್ದು ಗಮನಾರ್ಹ. 1913ರಲ್ಲಿ ಆರಂಭವಾದ ಆ ನಿಯತಕಾಲಿಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಓದಬಹುದು. ಅದರ 'ಇಂಪ್ಯಾಕ್ಟ್ ಫ್ಯಾಕ್ಟರ್' ಲ್ಯಾನ್ಸೆಟ್‌ನ ಎದುರು ಅತಿ ಚಿಕ್ಕದು. ಆದರೆ ನಂಜನಗೂಡಿನ ತಾಲ್ಲೂಕು ವೈದ್ಯಾಧಿಕಾರಿ ತನ್ನ ತಾಲ್ಲೂಕಿನ ಹೆಂಗಸರ ಕೆಮ್ಮಿನ ಬಗ್ಗೆ ಓದಬೇಕೆಂದರೆ ತೆರೆಯುವ ಬಾಗಿಲು ಅದೇ.

ಪರಿಣಾಮ ಎಂಬುದನ್ನು ಬೇರೆ ರೀತಿಯಲ್ಲೂ ಅಳೆಯಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಹಳೆಯ ಸಾಕ್ಷಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ತುಮಕೂರು ಜಿಲ್ಲೆಯ ಉಂಗ್ರ ಹಳ್ಳಿಯಲ್ಲಿ ಬೀಡುಬಿಟ್ಟು ಕೆಲಸ ಮಾಡಿತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಕಡಿಮೆ ಸೌದೆ, ಹೊಗೆ ಹೊರಹೋಗಲು ಕೊಳವೆ. ಎಂಬತ್ತರ ದಶಕದಲ್ಲಿ ಅದು ಮಣ್ಣಿನ ಗೋಡೆಗಳ ಅಡುಗೆಮನೆಗಳನ್ನು ಹೊಕ್ಕಿತು. ಕೊಳವೆ ಕಟ್ಟಿಕೊಂಡಾಗ ಕೆರೆಯುವವರಿಲ್ಲದೆ, ಒಡೆದಾಗ ಸರಿಮಾಡುವವರಿಲ್ಲದೆ ಎಷ್ಟೋ ಒಲೆಗಳು ಮೂಲೆ ಸೇರಿದವು ಎಂಬುದೂ ನಿಜ. ಆದರೂ ಆ ಒಲೆಯನ್ನು ಕಟ್ಟಿದ ಗಾರೆಯವನಾಗಲೀ ಬಳಸಿದ ಗೃಹಿಣಿಯಾಗಲೀ ಎಲ್ಲೂ ಅಡಿಟಿಪ್ಪಣಿ ಬರೆಯಲಿಲ್ಲ. ಎಚ್-ಸೂಚ್ಯಂಕದ ಕಣ್ಣಿಗೆ ಅವರ ಮನೆಯ ಕೊಳವೆಯಿಂದ ಹೊರಟ ಹೊಗೆ ಬೀಳುವುದೇ ಇಲ್ಲ.

2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆಯಿಂದ 2019ರ ಸೆಪ್ಟೆಂಬರ್ ವೇಳೆಗೆ 8 ಕೋಟಿ ಬಡ ಕುಟುಂಬಗಳಿಗೆ ಗ್ಯಾಸ್ ಸಂಪರ್ಕ ಸಿಕ್ಕಿತು. ರಾಜ್ಯ ಸರ್ಕಾರವೂ ಅನಿಲ ಭಾಗ್ಯ ಎಂದು ತನ್ನದೊಂದು ಯೋಜನೆ ಹೊರಡಿಸಿತ್ತು. ಇವುಗಳ ಹಿಂದೆ ದಶಕಗಳ ವೈದ್ಯಕೀಯ ಸಂಶೋಧನೆಯ ಒತ್ತಡವಿದೆ. ಆದರೆ ಸರ್ಕಾರಿ ಆದೇಶಗಳಲ್ಲಿ ಉಲ್ಲೇಖದ ಪಟ್ಟಿ ಇರುವುದಿಲ್ಲವಾದ್ದರಿಂದ ಯಾವ ಸಂಶೋಧಕನ ಖಾತೆಗೂ ಅದು ಜಮೆಯಾಗಲಿಲ್ಲ. ಕೆಲಸ ಮುಗಿದಿದೆ ಎಂದೂ ಅಲ್ಲ. ಮಹಾಲೇಖಪಾಲರ 2019ರ ವರದಿಯ ಪ್ರಕಾರ, ಸಂಪರ್ಕ ಪಡೆದು ವರ್ಷ ತುಂಬಿದ ಉಜ್ವಲ ಫಲಾನುಭವಿಗಳು 2018ರ ಡಿಸೆಂಬರ್ ಅಂತ್ಯದ ಲೆಕ್ಕಕ್ಕೆ ವರ್ಷಕ್ಕೆ ಸರಾಸರಿ 3.21 ಸಿಲಿಂಡರ್‌ಗಳನ್ನಷ್ಟೇ ತುಂಬಿಸಿಕೊಂಡಿದ್ದರು. ಐದಾರು ಜನರ ಮನೆಯಲ್ಲಿ ಮೂರು ಸಿಲಿಂಡರ್ ಎಂದರೆ ಚಹಾ, ನೆಂಟರು ಬಂದಾಗಿನ ಅಡುಗೆ, ಮಳೆಗಾಲದಲ್ಲಿ ಸೌದೆ ಒದ್ದೆಯಾದ ದಿನಗಳು. ಉಳಿದ ದಿನ ಸೌದೆ ಒಲೆಯೇ. 60ರ ಗಡಿಯತ್ತ ಎಣಿಕೆ ನಿಧಾನವಾಗಿದೆ, ನಿಂತಿಲ್ಲ.

ಆದ್ದರಿಂದ ಸಂಶೋಧಕನನ್ನು ಅಳೆಯುವವರು ಅಂಕಿಯ ಜೊತೆಗೆ ಕೇಳಬೇಕಾದ ಪ್ರಶ್ನೆಗಳು ಬೇರೆ. ನಿಮ್ಮ ಅತ್ಯುತ್ತಮವೆನಿಸಿದ ಐದು ಲೇಖನಗಳನ್ನು ಕೊಡಿ, ನಾವು ಓದುತ್ತೇವೆ ಎಂದು ಆಯ್ಕೆ ಸಮಿತಿ ಹೇಳಲಿ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 2012ರಲ್ಲಿ ರೂಪುಗೊಂಡ, ಸಂಶೋಧನೆಯ ಮೌಲ್ಯಮಾಪನ ಕುರಿತ ಘೋಷಣೆಯ ತಿರುಳೂ ನಿಯತಕಾಲಿಕದ ಅಂಕದಿಂದಲ್ಲ, ಲೇಖನದ ಹುರುಳಿನಿಂದ ತೂಗಿ ಎಂಬುದೇ ಆಗಿತ್ತು. ಓದುವುದಕ್ಕೆ ಸಮಯ ಬೇಕು, ವಿಷಯ ಬಲ್ಲವರು ಸಮಿತಿಯಲ್ಲಿರಬೇಕು, ಶಿಫಾರಸು ಪತ್ರಗಳಿಗೆ ಜಾಗವಿರಬಾರದು ಎಂಬ ತೊಡಕುಗಳಿವೆ. ಅಂಕಿ ಬಂದದ್ದೇ ಪಕ್ಷಪಾತವನ್ನು ತಡೆಯಲು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಜಾತಿ, ಗುಂಪು, ಗುರುಕೃಪೆಗಳ ಮೇಲೆ ನೇಮಕವಾಗುತ್ತಿದ್ದ ಕಡೆ ಒಂದು ಒರಟು ಅಳತೆಗೋಲೂ ಎಷ್ಟೋ ಪ್ರತಿಭಾವಂತರನ್ನು ಕಾಪಾಡಿದೆ. ಅಳತೆಗೋಲು ಇರಲಿ. ಆದರೆ ಬಾಗಿಲೊಳಗೆ ಬಿಡುವುದಕ್ಕೆ ಬಳಸಿದ್ದನ್ನೇ ಸಿಂಹಾಸನ ಹಂಚುವುದಕ್ಕೂ ಬಳಸುವುದು ಬೇಡ.

ಇನ್ನೊಂದು ಪ್ರಶ್ನೆ ಭಾಷೆಯದು. ಈ ಅಧ್ಯಯನಗಳಿಗೆ ಒಪ್ಪಿಗೆ ಪತ್ರ ಕನ್ನಡದಲ್ಲಿರುತ್ತದೆ, ಪ್ರಶ್ನಾವಳಿ ಕನ್ನಡದಲ್ಲಿ, ಉತ್ತರ ಕನ್ನಡದಲ್ಲಿ. ಫಲಿತಾಂಶ ಮಾತ್ರ ಇಂಗ್ಲಿಷಿನಲ್ಲಿ. ಉಸಿರು ಕೊಟ್ಟವಳಿಗೆ ತನ್ನ ಉಸಿರು ಏನು ಹೇಳಿತೆಂದು ತಿಳಿಯುವ ದಾರಿಯಿಲ್ಲ. ಇದು ಒಬ್ಬ ಸಂಶೋಧಕನ ಅಥವಾ ಒಂದು ಕಾಲೇಜಿನ ಲೋಪವಲ್ಲ, ದೇಶದಾದ್ಯಂತ ನಡೆದುಬಂದ ರೂಢಿ. ಐಸಿಎಂಆರ್‌ನ 2017ರ ನೀತಿಸಂಹಿತೆ ಸಂಶೋಧನೆಯ ಲಾಭ ಸಮುದಾಯಕ್ಕೆ ತಲುಪಬೇಕೆನ್ನುತ್ತದೆ. ಬಡ್ತಿಯ ಅರ್ಜಿಯಲ್ಲಿ ಒಂದು ಕಾಲಂ ಸೇರಿಸಿದರೆ ಆ ಮಾತಿಗೆ ಹಲ್ಲು ಬರುತ್ತದೆ: ಅಧ್ಯಯನ ನಡೆದ ಗ್ರಾಮ ಪಂಚಾಯಿತಿಗೆ ಎರಡು ಪುಟಗಳ ಕನ್ನಡ ವರದಿ ಸಲ್ಲಿಸಿದ್ದೀರಾ, ಗ್ರಾಮಸಭೆಯಲ್ಲಿ ಅದನ್ನು ವಿವರಿಸಿದ್ದೀರಾ? ಅಂತರರಾಷ್ಟ್ರೀಯ ಸಮ್ಮೇಳನದ ಭಾಷಣಕ್ಕೆ ಕೊಡುವಷ್ಟು ಅಂಕವನ್ನು ಅದಕ್ಕೂ ಕೊಡಲಿ.

60ರ ಸೂಚ್ಯಂಕದ ವಿಷಯದಲ್ಲಂತೂ ದಾರಿ ಈಗಾಗಲೇ ಅರ್ಧ ಸಿದ್ಧವಿದೆ. ಅಸಾಂಕ್ರಾಮಿಕ ರೋಗಗಳ ತಪಾಸಣೆಗೆಂದು ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ತುಂಬಿಸುವ ನಮೂನೆಯಲ್ಲಿ ಅಡುಗೆಗೆ ಯಾವ ಇಂಧನ ಬಳಸುತ್ತೀರಿ ಎಂಬ ಪ್ರಶ್ನೆಯಿದೆ. ಸೌದೆ, ಬೆಳೆಯ ಕಡ್ಡಿ, ಬೆರಣಿ, ಕಲ್ಲಿದ್ದಲು, ಸೀಮೆಎಣ್ಣೆ, ಗ್ಯಾಸ್ ಎಂದು ಗುರುತು ಹಾಕಬೇಕು. ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷದಿಂದ ಎಂಬ ಪ್ರಶ್ನೆ ಅಲ್ಲಿಲ್ಲ. ಗ್ಯಾಸ್ ಎಂದು ಗುರುತು ಹಾಕಿಸಿಕೊಂಡ ಐವತ್ತು ವರ್ಷದ ಹೆಂಗಸಿನ ಹಿಂದಿನ ಮೂವತ್ತು ವರ್ಷಗಳ ಹೊಗೆ ಆ ಕಾಗದದಲ್ಲಿ ಕಾಣೆಯಾಗುತ್ತದೆ. ಎರಡು ಕಾಲಂ ಸೇರಿಸಿ, ಗುಣಿಸಿ, 60 ದಾಟಿದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಉಸಿರಿನ ಪರೀಕ್ಷೆಗೆ ಕಳುಹಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮೊದಲು ನಂಜನಗೂಡು, ಮೈಸೂರು ತಾಲ್ಲೂಕುಗಳಲ್ಲೇ ಮಾಡಿ ನೋಡಬಹುದು. ದತ್ತಾಂಶ ಕೊಟ್ಟ ಮನೆಗಳು ಅಲ್ಲೇ ಇವೆ, ಅದನ್ನು ಓದಬಲ್ಲ ತಜ್ಞರು ಮೈಸೂರಿನಲ್ಲಿದ್ದಾರೆ. ಬೇಕಾಗಿರುವುದು ಒಂದು ಸುತ್ತೋಲೆ ಮತ್ತು ಆರೋಗ್ಯ ಕೇಂದ್ರಕ್ಕೊಂದು ಉಸಿರು ಅಳೆಯುವ ಯಂತ್ರ.